ತಡೆಯನ್ನು ತಡೆಯುವ ಕೋಶಗಳು: ಮಿದುಳು ಕಾಂಡದಲ್ಲಿ ರೆಮ್ ನಿದ್ರೆ ಹುಟ್ಟುವ ಬಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಲಗಿರುವ ಬೆಕ್ಕನ್ನು ಅರ್ಧ ಗಂಟೆ ಕೂತು ನೋಡಿ. ಮೊದಲು ಅದು ಕಾಲು ಮಡಚಿಕೊಂಡು, ತಲೆ ಎತ್ತಿಕೊಂಡೇ ತೂಕಡಿಸುತ್ತದೆ. ಉಸಿರು ನಿಧಾನವಾಗಿ ಒಂದೇ ಲಯದಲ್ಲಿ ಸಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕತ್ತು ಸೋತು ತಲೆ ನೆಲಕ್ಕಿಳಿಯುತ್ತದೆ, ಮೈ ಒಂದು ಪಕ್ಕಕ್ಕೆ ವಾಲುತ್ತದೆ. ಮೀಸೆ ಅದುರುತ್ತದೆ, ಪಂಜದ ತುದಿ ಆಗಾಗ ಸೆಳೆಯುತ್ತದೆ, ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡುತ್ತದೆ. ಸುಮಾರು 6 ನಿಮಿಷ ಹೀಗೇ ಇದ್ದು ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಈ 6 ನಿಮಿಷವೇ ಬೆಕ್ಕಿನ ರೆಮ್ ನಿದ್ರೆ, ಅಂದರೆ ಕಣ್ಣು ವೇಗವಾಗಿ ಓಡುವ ನಿದ್ರೆ. ಇದನ್ನು ಮಿದುಳಿನ ಯಾವ ಕೋಶಗಳು ಹುಟ್ಟಿಸುತ್ತವೆ, ಅದು ನಮಗೆ ಹೇಗೆ ಗೊತ್ತಾಯಿತು ಎನ್ನುವುದು ಇವತ್ತಿನ ವಿಷಯ.

ನಾನು ಹೇಳಬೇಕೆಂದಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರೆಮ್ ನಿದ್ರೆಯನ್ನು ನಡೆಸುವ ಕೋಶಗಳು ಹೆಚ್ಚಿನ ಹೊತ್ತು ಬೇರೆ ಕೋಶಗಳ ತಡೆಯಲ್ಲಿರುತ್ತವೆ. ಆ ತಡೆ ಸಡಿಲವಾದ ಕೂಡಲೇ ಅವು ತಾವಾಗಿ ಮೇಲೇಳುತ್ತವೆ. ಆದ್ದರಿಂದ ಈ ಜಾಲವನ್ನು ಅರಿಯಬೇಕಾದರೆ ಯಾರು ಯಾರನ್ನು ಕೆರಳಿಸುತ್ತಾರೆ ಎಂಬುದಕ್ಕಿಂತ ಯಾರು ಯಾರ ಬಾಯಿ ಮುಚ್ಚಿಸುತ್ತಾರೆ ಎಂದು ಕೇಳುವುದೇ ಹೆಚ್ಚು ಫಲ ಕೊಟ್ಟಿದೆ.

ಮೊದಲು ಅಳತೆ

ಇಲಿಯ ತಲೆಬುರುಡೆಗೆ ಚಿಕ್ಕ ಸ್ಕ್ರೂಗಳನ್ನು ಕೂರಿಸಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ತೆಗೆಯುತ್ತಾರೆ. ಕತ್ತಿನ ಹಿಂಭಾಗದ ಸ್ನಾಯುವಿನಲ್ಲಿ ಎರಡು ತಂತಿ ಹೊಲಿದು ಇಎಂಜಿ (ಸ್ನಾಯುವಿನ ವಿದ್ಯುತ್ ದಾಖಲೆ) ತೆಗೆಯುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೆ ಪ್ರಾಣಿಗೆ ಚೇತರಿಸಿಕೊಳ್ಳಲು ಒಂದು ವಾರವಾದರೂ ಬೇಕು, ನಂತರ ತಂತಿಗೆ ಒಗ್ಗಿಕೊಳ್ಳಲು ಇನ್ನಷ್ಟು ದಿನ ಬೇಕು. ಎಚ್ಚರದಲ್ಲಿ ಇಇಜಿ ಅಲೆಗಳು ಚಿಕ್ಕವು, ವೇಗದವು. ಸ್ನಾಯುವಿನ ಗೆರೆ ದಪ್ಪ. ಗಾಢ ನಿದ್ರೆಯಲ್ಲಿ ಸೆಕೆಂಡಿಗೆ 4ಕ್ಕಿಂತ ಕಡಿಮೆ ಬರುವ ದೊಡ್ಡ ಅಲೆಗಳು. ಸ್ನಾಯುವಿನ ಗೆರೆ ತೆಳು. ರೆಮ್ ನಿದ್ರೆಯಲ್ಲಿ ಇಲಿಯ ಇಇಜಿಯಲ್ಲಿ ಸೆಕೆಂಡಿಗೆ ಸುಮಾರು 6ರಿಂದ 9 ಬಾರಿ ಬರುವ ಥೀಟಾ ಅಲೆಗಳು ಒಂದೇ ಸಮನೆ ಓಡುತ್ತವೆ, ಸ್ನಾಯುವಿನ ಗೆರೆ ಸಪಾಟಾಗುತ್ತದೆ. ಈ ದಾಖಲೆಯನ್ನು ಮನುಷ್ಯರಲ್ಲಿ 30 ಸೆಕೆಂಡಿನ ತುಂಡುಗಳಾಗಿ ಓದುತ್ತಾರೆ. ಸುಂಡಿಲಿಯ ರೆಮ್ ಒಂದೊಂದು ಸಲಕ್ಕೆ ಸುಮಾರು ಒಂದು ನಿಮಿಷ ಮಾತ್ರ ಇರುವುದರಿಂದ ಅಲ್ಲಿ 4 ಸೆಕೆಂಡಿನ ತುಂಡು ವಾಡಿಕೆ.

ತಪ್ಪು ಶುರುವಾಗುವುದು ಇಲ್ಲೇ. ಎಚ್ಚರವಾಗಿ ಗೂಡೆಲ್ಲ ಮೂಸಿ ಓಡಾಡುವ ಇಲಿಯಲ್ಲೂ ಇದೇ ಥೀಟಾ ಬರುತ್ತದೆ. ಕತ್ತಿನ ತಂತಿ ಬಿಟ್ಟುಹೋಗಿದ್ದರೆ ಎಚ್ಚರವನ್ನೇ ರೆಮ್ ಎಂದು ಎಣಿಸಿಬಿಡುವ ಅಪಾಯವಿದೆ. ನಿಜವಾದ ರೆಮ್‌ನ ಇಎಂಜಿ ಗೆರೆಯನ್ನು ಹಿಗ್ಗಿಸಿ ನೋಡಿದರೆ ಸಪಾಟಿನ ನಡುವೆ ಅಲ್ಲಲ್ಲಿ ಸೆಳೆತದ ಚೂಪು ಗೆರೆಗಳು ಸಿಗುತ್ತವೆ, ಎಷ್ಟೋ ಸಲ ಎದೆಬಡಿತದ ಸಣ್ಣ ಗುರುತೂ ಕಾಣುತ್ತದೆ. ಸತ್ತ ತಂತಿಯಲ್ಲಿ ಇವು ಯಾವುವೂ ಇರುವುದಿಲ್ಲ. ಬಹಳವೆಂದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಇರುತ್ತದೆ. ಇಷ್ಟನ್ನು ಪರೀಕ್ಷಿಸದೆ ಬರೆದ ರೆಮ್ ಅಂಕಿಗಳನ್ನು ನಂಬಬಾರದು.

ಎಲ್ಲಿದೆ ಆ ಜಾಗ?

1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಮನುಷ್ಯರ ನಿದ್ರೆಯಲ್ಲಿ ಕಣ್ಣು ಓಡುವ ಹಂತವನ್ನು ಪ್ರಕಟಿಸಿದರು. 1958ರಲ್ಲಿ ವಿಲಿಯಂ ಡಿಮೆಂಟ್ ಅದನ್ನು ಬೆಕ್ಕಿನಲ್ಲಿ ತೋರಿಸಿದರು. ಮರುವರ್ಷ ಫ್ರಾನ್ಸಿನ ಲಿಯೋನ್ ನಗರದ ಮಿಶೆಲ್ ಜೂವೆ ಈ ಹಂತದಲ್ಲಿ ಸ್ನಾಯುಗಳ ಬಿಗುವು ಪೂರ್ತಿ ಹೋಗುತ್ತದೆ ಎಂದು ಗುರುತಿಸಿದರು. ಮಿದುಳು ಎಚ್ಚರದಂತಿದೆ, ಮೈ ಮಾತ್ರ ನಿಶ್ಚಲ. ಅದಕ್ಕೇ ಅವರು ಇದನ್ನು ವಿರೋಧಾಭಾಸದ ನಿದ್ರೆ ಎಂದು ಕರೆದರು.

ಮುಂದೆ ಜೂವೆ ಬೆಕ್ಕುಗಳ ಮಿದುಳನ್ನು ಬೇರೆ ಬೇರೆ ಮಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿ ನೋಡಿದರು. ಮೇಲಿನ ದೊಡ್ಡ ಮಿದುಳನ್ನು ಪೂರ್ತಿ ಬೇರ್ಪಡಿಸಿದರೂ ಕೆಳಗಿನ ಭಾಗದಲ್ಲಿ ಸ್ನಾಯು ಸಡಿಲವಾಗುವ, ಕಣ್ಣು ಓಡುವ ಸರದಿ ತಪ್ಪಲಿಲ್ಲ. ಉಳಿದ ಭಾಗದಲ್ಲಿ ಅನಿವಾರ್ಯವೆಂದು ಕಂಡದ್ದು ಪಾನ್ಸ್. ಇದು ಮಿದುಳು ಕಾಂಡದ ನಡುಭಾಗ. ಮೇಲೆ ಮಿಡ್‌ಬ್ರೈನ್, ಕೆಳಗೆ ಮೆಡುಲಾ. ಮನುಷ್ಯರಲ್ಲೂ ಇದಕ್ಕೆ ಒಂದು ಸಾಕ್ಷಿ ಸಿಕ್ಕಿತು. ಪಾನ್ಸ್‌ನಲ್ಲಿ ಗಾಯವಾಗಿದ್ದ ಒಬ್ಬ ವ್ಯಕ್ತಿಗೆ ರೆಮ್ ನಿದ್ರೆ ಬಹುತೇಕ ಇಲ್ಲವೇ ಇಲ್ಲ ಎಂದು 1984ರಲ್ಲಿ ಇಸ್ರೇಲಿನ ಪೆರೆಟ್ಸ್ ಲಾವಿ ಮತ್ತು ಸಂಗಡಿಗರು ವರದಿ ಮಾಡಿದರು.

ಜೂವೆಯವರ 1965ರ ಪ್ರಯೋಗ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಮುಖ್ಯ ಪ್ರಯೋಗ. ಡೆಲೋರ್ಮ್ ಅವರ ಜೊತೆ ಅವರು ಪಾನ್ಸ್‌ನ ಮೇಲ್ಬದಿಯಲ್ಲಿ, ಲೋಕಸ್ ಸೆರೂಲಿಯಸ್ ಎಂಬ ಕೋಶಗುಂಪಿನ ಆಸುಪಾಸಿನ ಸಣ್ಣ ಜಾಗವನ್ನು ಎರಡೂ ಕಡೆ ಸುಟ್ಟರು. ಬೆಕ್ಕಿಗೆ ರೆಮ್ ಬಂತು, ಆದರೆ ಮೈ ಸಡಿಲವಾಗಲಿಲ್ಲ. ನಿದ್ರೆಯಲ್ಲೇ ಎದ್ದು ನಿಂತಿತು, ಇಲ್ಲದ ಬೇಟೆಯ ಮೇಲೆ ಹೊಂಚು ಹಾಕಿತು, ಪಂಜ ಬೀಸಿತು. ಎದುರಿಗೆ ನಿಜವಾದ ವಸ್ತು ಹಿಡಿದರೆ ಗಮನವೇ ಇಲ್ಲ. ಅಂದರೆ ರೆಮ್‌ನ ಭಾಗಗಳು ಬಿಡಿಬಿಡಿಯಾಗಿ ಕಳಚಿಕೊಳ್ಳುತ್ತವೆ. ಸ್ನಾಯುವನ್ನು ಸಡಿಲಿಸುವ ವ್ಯವಸ್ಥೆಗೆ ಪಾನ್ಸ್‌ನಲ್ಲಿ ಅದರದೇ ಜಾಗವಿದೆ.

ಅಸಿಟೈಲ್‌ಕೋಲಿನ್‌ನ ಮೂರು ದಶಕ

ಅಸಿಟೈಲ್‌ಕೋಲಿನ್ ಎಂಬುದು ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ರಾಸಾಯನಿಕ; ನಾರ್‌ಅಡ್ರಿನಾಲಿನ್, ಸೆರೊಟೋನಿನ್ ಕೂಡ ಇಂಥವೇ. ಬೆಕ್ಕಿನ ಪಾನ್ಸ್‌ಗೆ ಕಾರ್ಬಕಾಲ್ ಎಂಬ, ಅಸಿಟೈಲ್‌ಕೋಲಿನ್‌ನಂತೆ ಕೆಲಸ ಮಾಡುವ ಔಷಧ ಹಾಕಿದರೆ ಕೆಲವೇ ನಿಮಿಷದಲ್ಲಿ ರೆಮ್‌ನಂಥ ಸ್ಥಿತಿ ಬರುತ್ತದೆ ಎಂದು 1960ರ ದಶಕದಲ್ಲೇ ತಿಳಿಯಿತು. ನಂತರದ ಪ್ರಯೋಗಗಳಲ್ಲಿ ವಾಡಿಕೆಯಾದ ಪ್ರಮಾಣ 250 ನ್ಯಾನೋಲೀಟರ್ ದ್ರವದಲ್ಲಿ 4 ಮೈಕ್ರೋಗ್ರಾಂ. ಜೊತೆಗೆ, ರೆಮ್ ಹೊತ್ತಿನಲ್ಲಿ ಪೂರ್ತಿ ಮೌನವಾಗುವ ಕೋಶಗಳೂ ಸಿಕ್ಕವು: ಲೋಕಸ್ ಸೆರೂಲಿಯಸ್‌ನ ನಾರ್‌ಅಡ್ರಿನಾಲಿನ್ ಕೋಶಗಳು ಮತ್ತು ಡಾರ್ಸಲ್ ರಾಫೆ ಎಂಬ ಇನ್ನೊಂದು ಗುಂಪಿನ ಸೆರೊಟೋನಿನ್ ಕೋಶಗಳು. ಎಚ್ಚರದಲ್ಲಿ ಇವು ಸೆಕೆಂಡಿಗೆ ಕೆಲವೇ ಸಲ ಮಿಡಿಯುತ್ತವೆ, ಗಾಢ ನಿದ್ರೆಯಲ್ಲಿ ಇನ್ನೂ ಕಡಿಮೆ, ರೆಮ್‌ನಲ್ಲಿ ಹೆಚ್ಚುಕಡಿಮೆ ಇಲ್ಲ.

1975ರಲ್ಲಿ ಹಾರ್ವರ್ಡ್‌ನ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ ಇವನ್ನೆಲ್ಲ ಸೇರಿಸಿ ಒಂದು ಮಾದರಿ ಕಟ್ಟಿದರು. ರೆಮ್‌ನಲ್ಲಿ ಮಿಡಿಯುವ ಕೋಶ ಒಂದು ಕಡೆ, ರೆಮ್‌ನಲ್ಲಿ ಸುಮ್ಮನಾಗುವ ಕೋಶ ಇನ್ನೊಂದು ಕಡೆ. ಇವೆರಡರ ಹಗ್ಗಜಗ್ಗಾಟವೇ ನಿದ್ರೆಯ ಸರದಿ ಎಂದರು. ಮಾದರಿ ಚೆಂದವಾಗಿತ್ತು. ಆದರೆ ಅವರು ಗುರುತಿಸಿದ್ದ ರೆಮ್ ಕೋಶಗಳ ದಾಖಲೆ ತಲೆಯನ್ನು ಚೌಕಟ್ಟಿಗೆ ಬಿಗಿದ ಬೆಕ್ಕುಗಳದ್ದು. 1977ರಲ್ಲಿ ಜೆರೋಮ್ ಸೀಗಲ್ ಮತ್ತು ಡೆನ್ನಿಸ್ ಮೆಗಿಂಟಿ ಬೆಕ್ಕುಗಳನ್ನು ಸ್ವತಂತ್ರವಾಗಿ ಓಡಾಡಲು ಬಿಟ್ಟು ದಾಖಲಿಸಿದಾಗ ಅವೇ ಕೋಶಗಳು ಎಚ್ಚರದಲ್ಲೂ ಮೈಯ ನಿರ್ದಿಷ್ಟ ಚಲನೆಗಳ ಜೊತೆ ಜೋರಾಗಿ ಮಿಡಿಯುವುದು ಕಂಡಿತು. ಕಟ್ಟಿಹಾಕಿದ ಪ್ರಾಣಿ ಅಲುಗಾಡದೆ ಇದ್ದುದರಿಂದ ಅವು ರೆಮ್‌ಗೆ ಮಾತ್ರ ಸೇರಿದವು ಎಂದು ತೋರಿತ್ತು. ಒಂದು ಕೋಶ ಯಾವ ಹೊತ್ತಿನಲ್ಲಿ ಮಿಡಿಯಿತು ಎಂಬುದರಿಂದ ಅದು ಏನನ್ನು ಮಾಡುತ್ತದೆ ಎಂದು ಹೇಳಲಾಗದು.

ಕಾರ್ಬಕಾಲ್‌ಗೂ ಅದರದೇ ತೊಡಕಿದೆ. 250 ನ್ಯಾನೋಲೀಟರ್ ಎಂದರೆ ಬಹಳ ಕಡಿಮೆ ಅನ್ನಿಸುತ್ತದೆ. ಲೆಕ್ಕ ಹಾಕಿ: ಆ ದ್ರವ ಒಂದು ಗೋಳವಾಗಿ ನಿಂತರೆ ಅದರ ಅಡ್ಡಳತೆ ಸುಮಾರು 0.8 ಮಿಲಿಮೀಟರ್. ಆದರೆ ಮಿದುಳಿನಲ್ಲಿ ಕೋಶಗಳ ನಡುವಿನ ಖಾಲಿ ಜಾಗ ಐದರಲ್ಲಿ ಒಂದು ಪಾಲು ಮಾತ್ರ, ಹಾಗಾಗಿ ದ್ರವ ಹರಡುವ ಗೋಳದ ಅಡ್ಡಳತೆ ಸುಮಾರು 1.3 ಮಿಲಿಮೀಟರ್ ಆಗುತ್ತದೆ. ಬೆಕ್ಕಿನ ಪಾನ್ಸ್‌ನಲ್ಲಿ ಇದು ನಡೆದೀತು. ಇಲಿಯಲ್ಲಿ ನಾವು ಹುಡುಕುತ್ತಿರುವ ಜಾಗವೇ ಅದಕ್ಕಿಂತ ಚಿಕ್ಕದು.

ಇಲಿ ಬೇರೆ ಉತ್ತರ ಕೊಟ್ಟಿತು

ಇಲಿಯಲ್ಲಿ ಕಾರ್ಬಕಾಲ್ ಬೆಕ್ಕಿನಲ್ಲಿ ಕೊಟ್ಟಂಥ ಫಲ ಕೊಡಲೇ ಇಲ್ಲ. ಒಬ್ಬರಿಗೆ ಅಲ್ಪಸ್ವಲ್ಪ ರೆಮ್ ಸಿಕ್ಕರೆ ಇನ್ನೊಬ್ಬರಿಗೆ ಎಚ್ಚರ ಸಿಕ್ಕಿತು. 2002ರಲ್ಲಿ ಲಿಯೋನ್‌ನ ಪಿಯೆರ್-ಎರ್ವೆ ಲೂಪಿ ಅವರ ಗುಂಪು ಇಲಿಯ ಪಾನ್ಸ್‌ನ ಸಬ್‌ಲ್ಯಾಟರೋಡಾರ್ಸಲ್ ನ್ಯೂಕ್ಲಿಯಸ್ ಎಂಬ ಜಾಗಕ್ಕೆ ಗಾಬಾ ತಡೆಯನ್ನು ನಿಲ್ಲಿಸುವ ಬೈಕುಕುಲಿನ್ ಎಂಬ ಔಷಧವನ್ನು ಹಾಕಿತು. ಗಾಬಾ ಎಂಬುದು ಕೋಶಗಳನ್ನು ಸುಮ್ಮನಾಗಿಸುವ ಸಂದೇಶ ರಾಸಾಯನಿಕ. ಜಾಗದ ಹೆಸರು ಉದ್ದ, ಮುಂದೆ ಎಸ್‌ಎಲ್‌ಡಿ ಎನ್ನುತ್ತೇನೆ. ಬೆಕ್ಕಿನ ಮಿದುಳಿನ ನಕ್ಷೆಗಳಲ್ಲೂ ಮನುಷ್ಯರ ನಕ್ಷೆಗಳಲ್ಲೂ ಇದೇ ಜಾಗಕ್ಕೆ ಬೇರೆ ಹೆಸರುಗಳಿವೆ. ಹಳೆಯ ಪ್ರಬಂಧ ಓದುವವರು ಎಚ್ಚರದಿಂದಿರಬೇಕು. ಬೈಕುಕುಲಿನ್ ಹಾಕಿದಾಗ ಸ್ನಾಯು ಸಡಿಲವಾಗಿ ರೆಮ್‌ನಂಥ ಸ್ಥಿತಿ ಬಂತು. ಅಲ್ಲಿಗೇ ಕಾರ್ಬಕಾಲ್ ಹಾಕಿದಾಗ ಬರಲಿಲ್ಲ.

ಇದರ ಅರ್ಥವನ್ನು ಗಮನಿಸಿ. ಹೊರಗಿನಿಂದ ಯಾವ ಉತ್ತೇಜಕವನ್ನೂ ಕೊಡಲಿಲ್ಲ. ಇದ್ದ ತಡೆಯನ್ನು ತೆಗೆದರು, ಅಷ್ಟಕ್ಕೇ ಎಸ್‌ಎಲ್‌ಡಿ ಎದ್ದು ನಿಂತಿತು. ಹಾಗಾದರೆ ಗಾಬಾ ಬರುತ್ತಿದ್ದುದು ಎಲ್ಲಿಂದ?

2006ರಲ್ಲಿ ಹಾರ್ವರ್ಡ್‌ನ ಜುನ್ ಲು, ಕ್ಲಿಫರ್ಡ್ ಸೇಪರ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಮಿಡ್‌ಬ್ರೈನ್‌ನ ಕೆಳಬದಿಯ ಪೆರಿಅಕ್ವಿಡಕ್ಟಲ್ ಗ್ರೇ ಮತ್ತು ಅದರ ಪಕ್ಕದ ಟೆಗ್ಮೆಂಟಮ್ ಎಂಬ ಜಾಗಗಳಲ್ಲಿರುವ ಗಾಬಾ ಕೋಶಗಳು ಎಸ್‌ಎಲ್‌ಡಿಯನ್ನು ಅಮುಕಿ ಹಿಡಿದಿರುತ್ತವೆ. ಎಸ್‌ಎಲ್‌ಡಿಯ ಕಡೆಯಿಂದಲೂ ಗಾಬಾ ಎಳೆಗಳು ಹೋಗಿ ಅವನ್ನು ಅಮುಕುತ್ತವೆ. ಎರಡು ಗುಂಪು ಒಂದನ್ನೊಂದು ತಡೆಯುತ್ತಿದ್ದರೆ ನಡುವೆ ನಿಲ್ಲುವ ಸ್ಥಿತಿ ಇರುವುದಿಲ್ಲ. ಗೋಡೆಯ ಸ್ವಿಚ್ಚು ಅರ್ಧಕ್ಕೆ ನಿಲ್ಲದ ಹಾಗೆ ಇತ್ತ ಇಲ್ಲವೇ ಅತ್ತ. ರೆಮ್ ಥಟ್ಟನೆ ಶುರುವಾಗಿ ಥಟ್ಟನೆ ಮುಗಿಯುವುದಕ್ಕೆ ಇದು ಒಳ್ಳೆಯ ವಿವರಣೆ. ಮಿಡ್‌ಬ್ರೈನ್‌ನ ಆ ತಡೆಕೋಶಗಳನ್ನು ನಾಶ ಮಾಡಿದಾಗ ಇಲಿಯ ರೆಮ್ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಎಸ್‌ಎಲ್‌ಡಿಯನ್ನೇ ನಾಶ ಮಾಡಿದಾಗ ಜೂವೆಯವರ ಬೆಕ್ಕಿನ ಹಾಗೆ ಸ್ನಾಯು ಸಡಿಲವಾಗದ ರೆಮ್ ಬಂತು.

ಎಸ್‌ಎಲ್‌ಡಿಯ ಮುಖ್ಯ ಕೋಶಗಳು ಬಳಸುವುದು ಗ್ಲುಟಮೇಟ್ ಎಂಬ, ಬೇರೆ ಕೋಶಗಳನ್ನು ಕೆರಳಿಸುವ ರಾಸಾಯನಿಕವನ್ನು. ಅವುಗಳ ಎಳೆ ಕೆಳಗೆ ಮೆಡುಲಾಗೂ ಬೆನ್ನುಹುರಿಗೂ ಇಳಿಯುತ್ತದೆ. ಪಕ್ಕದಲ್ಲೇ ಇರುವ ಬೇರೆ ಗ್ಲುಟಮೇಟ್ ಕೋಶಗಳ ಎಳೆ ಮೇಲೆ ಮುಂಮಿದುಳಿನ ಮೀಡಿಯಲ್ ಸೆಪ್ಟಮ್ ಎಂಬ ಜಾಗಕ್ಕೆ ಹೋಗುತ್ತದೆ. ಅವುಗಳನ್ನು ಕೆಡಿಸಿದರೆ ರೆಮ್‌ನ ಥೀಟಾ ಅಲೆ ಹೋಗುತ್ತದೆ. ಮೈಯ ಸಡಿಲಿಕೆಗೆ ಒಂದು ದಾರಿ, ಮಿದುಳಿನ ಅಲೆಗೆ ಇನ್ನೊಂದು.

ಅಸಿಟೈಲ್‌ಕೋಲಿನ್ ಹಾಗಾದರೆ ಸುಳ್ಳೇ? ಅಲ್ಲ. 2015ರಲ್ಲಿ ಕ್ರಿಸ್ಟಾ ವ್ಯಾನ್ ಡಾರ್ಟ್ ಮತ್ತು ಸಂಗಡಿಗರು ಸುಂಡಿಲಿಯ ಪಾನ್ಸ್‌ನ ಅಸಿಟೈಲ್‌ಕೋಲಿನ್ ಕೋಶಗಳನ್ನು ಗಾಢ ನಿದ್ರೆಯ ಹೊತ್ತಿನಲ್ಲಿ ಬೆಳಕಿನಿಂದ (ಈ ವಿಧಾನವನ್ನು ಮುಂದೆ ಹೇಳುತ್ತೇನೆ) ಕೆರಳಿಸಿದಾಗ ರೆಮ್ ಹೆಚ್ಚು ಸಲ ಬಂತು; ಪ್ರತಿ ಸಲದ ಅವಧಿ ಮಾತ್ರ ಬದಲಾಗಲಿಲ್ಲ. ಅದೇ ಕೋಶಗಳನ್ನು ಕಳೆದುಕೊಂಡ ಇಲಿಯಲ್ಲಿ ರೆಮ್ ಹೆಚ್ಚು ಕೆಡಲಿಲ್ಲ ಎಂಬುದು 2006ರ ಪ್ರಯೋಗದಲ್ಲೇ ಕಂಡಿತ್ತು. ಅವು ರೆಮ್‌ಗೆ ದಾರಿ ಸುಗಮ ಮಾಡುತ್ತವೆ, ಆದರೆ ಅವಿಲ್ಲದೆಯೂ ಅದು ನಡೆಯುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಲೋಕಸ್ ಸೆರೂಲಿಯಸ್ ಸುಮ್ಮನಾಗುವುದು ಹೇಗೆ?

ಇಲಿಯಲ್ಲಿ ಒಂದು ಪಕ್ಕಕ್ಕೆ ಸುಮಾರು 1500 ಕೋಶಗಳಷ್ಟೇ ಇರುವ ಈ ಪುಟ್ಟ ಗುಂಪಿನ ಬಗ್ಗೆ ನಮ್ಮ ದೇಶದಲ್ಲಿ ಗಟ್ಟಿ ಕೆಲಸ ನಡೆದಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬೀರೇಂದ್ರನಾಥ್ ಮಲ್ಲಿಕ್ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದಲ್ಲಿ ಲೋಕಸ್ ಸೆರೂಲಿಯಸ್ ಸುತ್ತ ಸೌಮ್ಯ ವಿದ್ಯುತ್ ಹರಿಸಿದಾಗ ಇಲಿಯ ರೆಮ್ ಕಡಿಮೆಯಾಯಿತು. ಅಲ್ಲಿಗೆ ಪಿಕ್ರೊಟಾಕ್ಸಿನ್ ಹಾಕಿ ಗಾಬಾ ತಡೆಯನ್ನು ನಿಲ್ಲಿಸಿದಾಗಲೂ ಕಡಿಮೆಯಾಯಿತು. ಅಂದರೆ ರೆಮ್ ಬರಬೇಕಾದರೆ ಈ ಕೋಶಗಳನ್ನು ಗಾಬಾ ಸುಮ್ಮನಾಗಿಸಬೇಕು. ಎಸ್‌ಎಲ್‌ಡಿಯಲ್ಲಿ ಗಾಬಾ ಕಡಿಮೆಯಾಗಬೇಕು, ಲೋಕಸ್ ಸೆರೂಲಿಯಸ್‌ನಲ್ಲಿ ಹೆಚ್ಚಬೇಕು. ಇವೆರಡೂ ಒಂದಕ್ಕೊಂದು ಅಂಟಿಕೊಂಡಂತಿರುವ ಜಾಗಗಳು! ಸೂಜಿ ಅರ್ಧ ಮಿಲಿಮೀಟರ್ ತಪ್ಪಿದರೆ ಫಲಿತಾಂಶ ತಿರುವುಮುರುವಾಗುತ್ತದೆ. ಪ್ರಯೋಗ ಮುಗಿದ ಮೇಲೆ ಮಿದುಳನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸೂಜಿಯ ತುದಿ ಎಲ್ಲಿತ್ತೆಂದು ಪ್ರತಿ ಪ್ರಾಣಿಯಲ್ಲೂ ನೋಡಲೇಬೇಕಾದದ್ದು ಇದಕ್ಕೇ.

ಮೆಡುಲಾದ ಪಾಲು

ಪಾನ್ಸ್‌ನಿಂದ ಇಳಿದ ಗ್ಲುಟಮೇಟ್ ಎಳೆಗಳು ಮೆಡುಲಾದ ಕೆಳಬದಿಯ ನಡುಭಾಗದಲ್ಲಿ ಗಾಬಾ ಮತ್ತು ಅದರಂತೆಯೇ ತಡೆಯುವ ಗ್ಲೈಸಿನ್ ಬಳಸುವ ಕೋಶಗಳನ್ನು ಕೆರಳಿಸುತ್ತವೆ. ಅವು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಳುವ ಮೋಟಾರ್ ಕೋಶಗಳನ್ನು ತಡೆಯುತ್ತವೆ. ಲಿಯೋನ್‌ನ ಗುಂಪೇ 2017ರಲ್ಲಿ ಇಲಿಯ ಎಸ್‌ಎಲ್‌ಡಿ ಕೋಶಗಳು ಗ್ಲುಟಮೇಟ್ ಬಿಡದಂತೆ ವಂಶವಾಹಿ ಮಟ್ಟದಲ್ಲಿ ತಡೆಯಿತು. 2018ರಲ್ಲಿ ಮೆಡುಲಾದ ಈ ಕೋಶಗಳನ್ನೂ ಹಾಗೆಯೇ ಸುಮ್ಮನಾಗಿಸಿತು. ಎರಡೂ ಸಲ ಇಲಿಗಳು ರೆಮ್ ಹೊತ್ತಿನಲ್ಲಿ ಕೈಕಾಲು ಆಡಿಸತೊಡಗಿದವು. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯುಗಳಿಗೆ ಈ ತಡೆ ಅಷ್ಟಾಗಿ ತಟ್ಟುವುದಿಲ್ಲ, ಅದಕ್ಕೇ ರೆಮ್‌ನಲ್ಲಿ ಉಸಿರು ನಿಲ್ಲುವುದಿಲ್ಲ, ಕಣ್ಣು ಓಡುತ್ತದೆ.

ಈ ತಡೆ ಎಷ್ಟು ಬಿಗಿ ಎಂಬುದನ್ನು ಟೊರೊಂಟೊದ ಪ್ಯಾಟ್ರಿಶಿಯಾ ಬ್ರೂಕ್ಸ್ ಮತ್ತು ಜಾನ್ ಪೀವರ್ 2012ರಲ್ಲಿ ತೋರಿಸಿದರು. ಇಲಿಯ ದವಡೆ ಸ್ನಾಯುವಿನ ಮೋಟಾರ್ ಕೋಶಗಳಲ್ಲಿ ಗ್ಲೈಸಿನ್ ಗ್ರಾಹಕವನ್ನೂ (ಗ್ರಾಹಕ ಎಂದರೆ ರಾಸಾಯನಿಕ ಬಂದು ಕೂರುವ ತಾಣ) ಗಾಬಾ-ಎ ಗ್ರಾಹಕವನ್ನೂ ಮುಚ್ಚಿದರೂ ಸಡಿಲಿಕೆ ಹೋಗಲಿಲ್ಲ. ಗಾಬಾ-ಬಿಯನ್ನೂ ಜೊತೆಗೆ ಮುಚ್ಚಿದಾಗಲಷ್ಟೇ ಹೋಯಿತು. ಅದಕ್ಕೆ ಮೊದಲಿನ ಪ್ರಯೋಗಗಳಲ್ಲಿ ಒಂದೋ ಎರಡೋ ಗ್ರಾಹಕ ಮುಚ್ಚಿ ಇಲ್ಲಿ ತಡೆಯ ಪಾತ್ರವೇ ಇಲ್ಲವೇನೋ ಎಂಬ ಸಂಶಯ ಎದ್ದಿತ್ತು.

ಮೆಡುಲಾದಿಂದ ಮೇಲಕ್ಕೂ ಒಂದು ದಾರಿಯಿದೆ. 2015ರಲ್ಲಿ ಬರ್ಕ್ಲಿಯ ಫ್ರಾಂಟ್ಸ್ ವೆಬರ್, ಯಾಂಗ್ ಡ್ಯಾನ್ ಮತ್ತು ಸಂಗಡಿಗರು ಸುಂಡಿಲಿಯ ಮೆಡುಲಾದ ಗಾಬಾ ಕೋಶಗಳನ್ನು ಬೆಳಕಿನಿಂದ ಕೆರಳಿಸಿದಾಗ ಗಾಢ ನಿದ್ರೆ ರೆಮ್‌ಗೆ ತಿರುಗಿತು. ಅವುಗಳ ಎಳೆ ಹೋಗಿ ಸೇರುವುದು ಆಗಲೇ ಹೇಳಿದ ಮಿಡ್‌ಬ್ರೈನ್‌ನ ತಡೆಕೋಶಗಳನ್ನು. ತಡೆಯನ್ನು ತಡೆಯುವ ಕೆಲಸ ಇಲ್ಲಿ ಕಣ್ಣಿಗೆ ಕಾಣುವಂತಿದೆ. ಇವೇ ಕೋಶಗಳು ಎಚ್ಚರದಲ್ಲಿ ಪ್ರಾಣಿ ತಿನ್ನುವಾಗ, ಮೈ ನೆಕ್ಕಿಕೊಳ್ಳುವಾಗಲೂ ಮಿಡಿಯುತ್ತವೆ. ಸೀಗಲ್ ಅವರ ಪಾಠ ಇಲ್ಲೂ ನಿಲ್ಲುತ್ತದೆ.

ಪ್ರಯೋಗ ಎಲ್ಲೆಲ್ಲಿ ಕೆಡುತ್ತದೆ

ವಿದ್ಯುತ್ತಿನಿಂದ ಸುಟ್ಟರೆ ಅಲ್ಲಿನ ಕೋಶಗಳ ಜೊತೆ ಆ ದಾರಿಯಲ್ಲಿ ಹಾದುಹೋಗುವ ಎಳೆಗಳೂ ಸುಡುತ್ತವೆ. ಮಿದುಳು ಕಾಂಡದಲ್ಲಿ ಎಳೆಗಳ ದಟ್ಟಣೆ ಹೇಳತೀರದು. ಅದಕ್ಕೇ ಐಬೊಟೆನಿಕ್ ಆಮ್ಲದಂಥ, ಕೋಶದ ಒಡಲನ್ನು ಮಾತ್ರ ಕೊಲ್ಲುವ ವಸ್ತುಗಳಿಗೆ ಬದಲಾಯಿಸಿದರು.

ರೆಮ್ ಕೋಶಗಳನ್ನು ಫಾಸ್ ಎಂಬ ಪ್ರೋಟೀನಿನ ಗುರುತಿನಿಂದ ಹುಡುಕುವ ದಾರಿ ಇನ್ನೊಂದು. ಸುಮಾರು 6.5 ಸೆಂಟಿಮೀಟರ್ ಅಗಲದ ಕಟ್ಟೆಯ ಮೇಲೆ, ಸುತ್ತ ನೀರಿರುವಂತೆ ಇಲಿಯನ್ನು 72 ಗಂಟೆ ಇಡುತ್ತಾರೆ. ರೆಮ್ ಬಂದು ಮೈ ಸಡಿಲವಾದ ಕೂಡಲೇ ನೀರಿಗೆ ಬಿದ್ದು ಏಳುತ್ತದೆ. ಆಮೇಲೆ ಸುಮ್ಮನೆ ಮಲಗಲು ಬಿಟ್ಟಾಗ ರೆಮ್ ಉಕ್ಕಿ ಬರುತ್ತದೆ, ಆಗ ಮಿಡಿದ ಕೋಶಗಳಲ್ಲಿ ಫಾಸ್ ಕಾಣುತ್ತದೆ. ಒತ್ತಡ, ಒದ್ದೆ, ಚಳಿ ಇವುಗಳಿಂದಲೂ ಫಾಸ್ ಬರುವುದರಿಂದ ರೆಮ್ ಬರಲು ಅವಕಾಶವಿರುವ ದೊಡ್ಡ ಕಟ್ಟೆಯ ಇಲಿಗಳನ್ನು ಹೋಲಿಕೆಗೆ ಇಡದಿದ್ದರೆ ಆ ಚಿತ್ರಕ್ಕೆ ಬೆಲೆಯಿಲ್ಲ.

ಬೆಳಕಿನ ವಿಧಾನದಲ್ಲಿ ವೈರಸ್ ಮೂಲಕ ವಂಶವಾಹಿ ಕೊಟ್ಟು, ಅದು ಕೆಲಸ ಶುರುಮಾಡಲು ಮೂರು ನಾಲ್ಕು ವಾರ ಕಾದು, 473 ನ್ಯಾನೋಮೀಟರ್ ನೀಲಿ ಬೆಳಕು ಹಾಯಿಸುತ್ತಾರೆ. ಬೆಳಕು ಅಂಗಾಂಶವನ್ನು ಬಿಸಿ ಮಾಡುತ್ತದೆ, ಬಿಸಿಯೊಂದೇ ಕೋಶದ ಮಿಡಿತವನ್ನು ಬದಲಿಸಬಲ್ಲದು. ಹೊಳೆಯುವ ಪ್ರೋಟೀನ್ ಮಾತ್ರ ಇರುವ ಪ್ರಾಣಿಗಳಿಗೂ ಅಷ್ಟೇ ಬೆಳಕು ಕೊಟ್ಟು ಹೋಲಿಸಬೇಕು.

ಔಷಧದಿಂದ ಕೋಶಗಳನ್ನು ನಿಯಂತ್ರಿಸುವ ವಿಧಾನದಲ್ಲಿ ಬಳಸುವ ಸಿಎನ್‌ಒ ಎಂಬ ವಸ್ತು ಇನ್ನೂ ಮೋಸದ್ದು. ಅದು ದೇಹದಲ್ಲಿ ಭಾಗಶಃ ಕ್ಲೋಜಪೈನ್ ಎಂಬ ಮನೋರೋಗದ ಔಷಧವಾಗುತ್ತದೆ. ಯಾವ ವಂಶವಾಹಿಯನ್ನೂ ಕೊಡದ ಮಾಮೂಲಿ ಸುಂಡಿಲಿಗಳಲ್ಲೂ ವಾಡಿಕೆಯ ಪ್ರಮಾಣದ ಸಿಎನ್‌ಒ ರೆಮ್ ಅನ್ನು ತಗ್ಗಿಸುತ್ತದೆ. ಈ ಹೋಲಿಕೆ ಗುಂಪಿಲ್ಲದ ಹಳೆಯ ಫಲಿತಾಂಶಗಳನ್ನು ಮತ್ತೆ ಮಾಡಿ ನೋಡಬೇಕೆಂದೇ ನನ್ನ ಅಭಿಪ್ರಾಯ.

ಮನುಷ್ಯರ ಹಾಸಿಗೆಯಲ್ಲಿ

ಎಚ್ಚರವಾಗಿದೆ, ಕಣ್ಣು ಬಿಟ್ಟಿದೆ, ಎದೆಯ ಮೇಲೆ ಯಾರೋ ಕೂತು ಅಮುಕಿದ ಹಾಗಿದೆ, ಕೂಗಲು ಬಾಯಿ ಬರುವುದಿಲ್ಲ. ದೆವ್ವದ ಮಾತಾಗಿ ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ರೆಮ್‌ನ ಸ್ನಾಯು ತಡೆ ಎಚ್ಚರದೊಳಕ್ಕೂ ಕೆಲವು ಕ್ಷಣ ಮುಂದುವರಿದರೆ ಹೀಗಾಗುತ್ತದೆ. ತಾನಾಗಿ ಬಿಡುತ್ತದೆ, ಒಮ್ಮೊಮ್ಮೆ ಬಂದರೆ ಅಪಾಯವಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ರೆಮ್ ವರ್ತನೆಯ ತೊಂದರೆ. 1986ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಕಾರ್ಲೋಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಮತ್ತು ಸಂಗಡಿಗರು ಇದನ್ನು ಮನುಷ್ಯರಲ್ಲಿ ವರ್ಣಿಸಿದರು. ಜೂವೆಯವರ ಬೆಕ್ಕಿನ ಹಾಗೆ ಕನಸಿನಲ್ಲೇ ಗುದ್ದುವುದು, ಒದೆಯುವುದು, ಮಂಚದಿಂದ ಹಾರುವುದು. ಹೆಚ್ಚಾಗಿ 50 ದಾಟಿದವರಲ್ಲಿ ಕಾಣುತ್ತದೆ. 2019ರಲ್ಲಿ ರೊನಾಲ್ಡ್ ಪೊಸ್ಟುಮಾ ಮತ್ತು ಸಂಗಡಿಗರು 24 ಕೇಂದ್ರಗಳ 1280 ರೋಗಿಗಳ ದಾಖಲೆ ಪ್ರಕಟಿಸಿದರು: ವರ್ಷಕ್ಕೆ ಸುಮಾರು ಶೇ. 6.3ರಷ್ಟು ಮಂದಿಗೆ, 12 ವರ್ಷದ ಹೊತ್ತಿಗೆ ಶೇ. 73.5ರಷ್ಟು ಮಂದಿಗೆ ಪಾರ್ಕಿನ್ಸನ್ ಅಥವಾ ಅದೇ ಬಗೆಯ ನರರೋಗ ಬಂದಿತ್ತು. ಆ ರೋಗಗಳು ಮಿದುಳು ಕಾಂಡದ ಇದೇ ಕೆಳಭಾಗಗಳನ್ನು ಮೊದಲೇ ತಟ್ಟುತ್ತವೆ ಎಂಬುದಕ್ಕೆ ಇದು ಬಲವಾದ ಸೂಚನೆ.

ರೋಗನಿರ್ಣಯ ಮಾತ್ರ ಮನೆಯವರ ವರ್ಣನೆಯಿಂದ ಮುಗಿಯುವುದಿಲ್ಲ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರೂ ಥಟ್ಟನೆ ಎಚ್ಚರಗೊಂಡು ಕೈಕಾಲು ಬಡಿಯುತ್ತಾರೆ. ಅವರಿಗೆ ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಕೊಟ್ಟರೆ ಅದು ನಿಲ್ಲುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳು ರೆಮ್ ಅನ್ನು ಕಡಿಮೆ ಮಾಡುವುದರ ಜೊತೆಗೆ ಸ್ನಾಯು ಸಡಿಲಿಕೆಯನ್ನೂ ಕೆಡಿಸುತ್ತವೆ. ಆದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ರಾತ್ರಿಯಿಡೀ ವಿಡಿಯೊ ಜೊತೆಗೆ ಇಇಜಿ, ಗಲ್ಲದ ಮತ್ತು ಕೈಗಳ ಇಎಂಜಿ ತೆಗೆದು, ರೆಮ್ ಹೊತ್ತಿನಲ್ಲಿ ಸ್ನಾಯುವಿನ ಗೆರೆ ದಪ್ಪಗಿದೆಯೇ ಎಂದು ನೋಡಿದಾಗಲೇ ಖಚಿತ. ಅಲ್ಲಿಯವರೆಗೆ ಹಾಸಿಗೆಯನ್ನು ನೆಲಕ್ಕೆ ಇಳಿಸುವುದು, ಪಕ್ಕದ ಗಾಜು, ಚೂಪು ಮೂಲೆಯ ಮೇಜು ತೆಗೆಯುವುದು, ಜೊತೆಗೆ ಮಲಗುವವರು ಸ್ವಲ್ಪ ದಿನ ಬೇರೆ ಮಲಗುವುದು ಒಳ್ಳೆಯದು. ಸಾಮಾನ್ಯವಾಗಿ ಕೊಡುವ ಔಷಧಗಳು ಮೆಲಟೋನಿನ್ ಮತ್ತು ಕ್ಲೊನಜೆಪಾಮ್. ಕ್ಲೊನಜೆಪಾಮ್‌ನಿಂದ ಹೊಡೆತ ಬಡಿತ ಎಷ್ಟೋ ತಗ್ಗುತ್ತದೆ, ಆದರೆ ಪರೀಕ್ಷೆಯಲ್ಲಿ ಇಎಂಜಿ ಗೆರೆ ಬಹುಮಟ್ಟಿಗೆ ಮೊದಲಿನಷ್ಟೇ ದಪ್ಪಗೆ ಉಳಿಯುತ್ತದೆ. ಎಸ್‌ಎಲ್‌ಡಿಯಿಂದ ಮೆಡುಲಾಗೆ ಇಳಿಯುವ ಆ ದಾರಿಯನ್ನೇ ದುರಸ್ತಿ ಮಾಡುವ ಔಷಧ ಇನ್ನೂ ಬಂದಿಲ್ಲ.